ಅನುಪಲಬ್ಧಿಯ ಪ್ರಾಮಾಣ್ಯ

ನೆಲದ ಮೇಲೆ ಘಟವಿಲ್ಲವೆಂಬುದನ್ನು ನಾವು ತಿಳಿಯುವುದು ಯಾವ ಪ್ರಮಾಣದಿಂದ? ಬರಿಯ ನೆಲವನ್ನು ಕಂಡ ಕಣ್ಣೇ ಘಟದ ಅಭಾವವನ್ನೂ ಕಂಡಿತೆಂದು ನೈಯಾಯಿಕರು ವಾದಿಸಿದರು. ಇಲ್ಲದುದರೊಡನೆ ಇಂದ್ರಿಯಕ್ಕೆ ಸಂಬಂಧವೆಲ್ಲಿಯದೆಂದು ಕೇಳಿದ ಕುಮಾರಿಲಭಟ್ಟನ ಮೀಮಾಂಸಕರು ಅದಕ್ಕಾಗಿ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನೇ ಅಂಗೀಕರಿಸಿದರು. ಬೌದ್ಧನಾದ ಧರ್ಮಕೀರ್ತಿಯು ಅದನ್ನು ಅನುಮಾನದ ಹೇತುಗಳಲ್ಲೊಂದಾಗಿ ಎಣಿಸಿದನು. ಹೀಗೆ ಕಲಹಿಸಿದವರೂ ಒಂದು ನಿಯಮದಲ್ಲಿ ಏಕಮತರು: ಇದ್ದಿದ್ದರೆ ಕಂಡೇ ಕಾಣಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಲು ಅಧಿಕಾರವುಂಟು. ಹೀಗೆ ಕಾಣಿಸಿಕೊಳ್ಳಲು ತಕ್ಕುದಾಗಿರುವುದೇ ಯೋಗ್ಯತೆ. ಕತ್ತಲೆಯಲ್ಲಿ ಘಟವು ಕಾಣದಿದ್ದುದರಿಂದ ಏನೂ ಸಿದ್ಧಿಸದು. ಧರ್ಮಕೀರ್ತಿಯು ಉದಾಹರಿಸುವ, ಸ್ವಭಾವತಃ ಅದೃಶ್ಯವಾದ ಪಿಶಾಚವಂತೂ ನಡುಹಗಲಿನಲ್ಲಿ ಕಾಣದಿದ್ದರೂ ಏನೂ ಸಿದ್ಧಿಸದು.

ಇದೆಲ್ಲ ವಾಕ್ಯಾರ್ಥಸಭೆಗಳ ಕಾಲಕ್ಷೇಪವೆಂದು ನಗುವವರು, ಮೆದುಳಿನ ಗೆಡ್ಡೆಗಳನ್ನು ಪರೀಕ್ಷಿಸುವ ಇಂದಿನ ಪ್ರಯೋಗಶಾಲೆಯನ್ನೊಮ್ಮೆ ಹೊಕ್ಕು ನೋಡಬೇಕು. ನಮ್ಮ ಜೀವಕೋಶಗಳಲ್ಲಿ ಐಸೋಸಿಟ್ರೇಟ್ ಡಿಹೈಡ್ರಾಜಿನೇಸ್ ಎಂಬ ಕಿಣ್ವವಿದ್ದು, ಐಸೋಸಿಟ್ರೇಟನ್ನು ಆಲ್ಫಾ ಕೀಟೋಗ್ಲುಟರೇಟನ್ನಾಗಿ ಮಾರ್ಪಡಿಸುವುದು ಅದರ ಧರ್ಮ. ಐಡಿಎಚ್-1 ಎಂಬ ಅದರ ಒಂದು ರೂಪವು 414 ಅಮೈನೋ ಆಮ್ಲಗಳ ಸರಪಳಿ. ಅದರ 132ನೆಯ ಸ್ಥಾನದಲ್ಲಿ ಆರ್ಜಿನಿನ್ ತಪ್ಪಿ ಹಿಸ್ಟಿಡಿನ್ ಬಂದು ಕುಳಿತಿತೆಂದರೆ ಕಿಣ್ವವು ಸ್ವಧರ್ಮವನ್ನು ತೊರೆದು, ಕೀಟೋಗ್ಲುಟರೇಟನ್ನೇ ಹೈಡ್ರಾಕ್ಸಿಗ್ಲುಟರೇಟನ್ನಾಗಿ ಮಾಡಿ ಕೋಶದೊಳಗೆ ರಾಶಿಹಾಕತೊಡಗುತ್ತದೆ. ಮೆದುಳಿನ ಗೆಡ್ಡೆಗಳಲ್ಲಿ ಈ ವಿಕಾರವಿರುವುದು 2008ರಲ್ಲಿ ಬೆಳಕಿಗೆ ಬಂದಿತು. ಮರುವರ್ಷವೇ ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರು ವಿಕೃತ ಕಿಣ್ವವನ್ನು ಮಾತ್ರ ಹಿಡಿದು, ಪ್ರಕೃತ ಕಿಣ್ವವನ್ನು ಮುಟ್ಟದೆ ಬಿಡುವ ಮಾನೋಕ್ಲೋನಲ್ ಪ್ರತಿಕಾಯವೊಂದನ್ನು ಲೋಕದ ಮುಂದಿಟ್ಟರು. ಇಲಿಯ ಪ್ಲೀಹದ ಕೋಶವನ್ನು ಸಾವನ್ನರಿಯದ ಮೈಲೋಮ ಕೋಶದೊಡನೆ ಬೆಸೆದು ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ಆ ವಿದ್ಯೆಯನ್ನು ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿಯೇ ಸಾಧಿಸಿದ್ದರು.

ತೆಳುವಾಗಿ ಕೊಯ್ದ ಗೆಡ್ಡೆಯ ಪದರಕ್ಕೆ ಈ ಪ್ರತಿಕಾಯವನ್ನು ಸೋಕಿಸಿ ಬಣ್ಣಗಟ್ಟಿಸಿದಾಗ ವಿಕೃತ ಕೋಶಗಳು ಕಂದುಬಣ್ಣ ತಾಳುತ್ತವೆ. 413 ಸಾಮ್ಯಗಳನ್ನು ಉಪೇಕ್ಷಿಸಿ ಒಂದೇ ಭೇದವನ್ನು ಗುರುತಿಸುವ ಈ ವಿವೇಕವು ಆಶ್ಚರ್ಯಕರವೇ ಸರಿ. ಆದರೆ ನನ್ನನ್ನು ಹೆಚ್ಚಾಗಿ ಕಾಡುವುದು ಬಣ್ಣವೇರದೆ ಉಳಿದ ಪದರ. ಅಲ್ಲಿ ವಿಕಾರವಿಲ್ಲವೆ? ಅಥವಾ ಪ್ರತಿಕಾಯವೇ ಕೆಲಸಮಾಡಲಿಲ್ಲವೆ? ಎರಡನೆಯ ಸಂಶಯವನ್ನು ನಿವಾರಿಸಲೆಂದು, ವಿಕಾರವುಂಟೆಂದು ಮೊದಲೇ ನಿಶ್ಚಿತವಾದ ಇನ್ನೊಂದು ಪದರಕ್ಕೂ ಜೊತೆಯಲ್ಲಿಯೇ ಬಣ್ಣಗಟ್ಟಿಸುವರು. ಅದು ಕಂದಾದರೆ ದೀಪವು ಉರಿಯುತ್ತಿದೆಯೆಂದಾಯಿತು. ಆದರೆ ದೀಪವುರಿದ ಮಾತ್ರಕ್ಕೆ ಯೋಗ್ಯತೆಯು ಪೂರ್ಣವಾಗಲಿಲ್ಲ. ಗ್ಲಯೋಮ ಎಂಬ ಗೆಡ್ಡೆಗಳಲ್ಲಿ ಈ ಕಿಣ್ವದ ವಿಕಾರಗಳ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹಿಸ್ಟಿಡಿನ್ನಿನವು; ಮಿಕ್ಕವುಗಳಲ್ಲಿ ಸಿಸ್ಟೀನ್ ಮೊದಲಾದುವು ಅದೇ 132ನೆಯ ಪೀಠವನ್ನೇರಿರಬಹುದು. ಹಿಸ್ಟಿಡಿನ್ನಿಗಾಗಿಯೇ ಹುಟ್ಟಿದ ಪ್ರತಿಕಾಯದ ಪಾಲಿಗೆ ಸಿಸ್ಟೀನು ಧರ್ಮಕೀರ್ತಿಯ ಪಿಶಾಚವಲ್ಲದೆ ಮತ್ತೇನು!

ದೇವರನ್ನು ಕಾಣೆನಾದುದರಿಂದ ದೇವರಿಲ್ಲವೆನ್ನುವವನು ಈ ಯೋಗ್ಯತಾವಿಚಾರವನ್ನೇ ಹಾರಿಸಿಬಿಡುತ್ತಾನೆ. ಆಸ್ತಿಕನು ಇದರಿಂದ ಹಿಗ್ಗಬೇಕಾಗಿಲ್ಲ. ಅದೃಶ್ಯತ್ವದ ಕವಚವು ದೇವರನ್ನು ಕಾಪಾಡುವಷ್ಟೇ ದಕ್ಷತೆಯಿಂದ ಪಿಶಾಚವನ್ನೂ ಕಾಪಾಡುತ್ತದೆ, ಮತ್ತು ನಿರಾಕರಿಸಲಾಗದೆಂಬುದು ಎಂದಿಗೂ ಸಿದ್ಧವಾಯಿತೆಂಬುದಲ್ಲ.

ವೈದ್ಯರಾದರೋ ಇಲ್ಲಿಗೇ ನಿಲ್ಲುವಂತಿಲ್ಲ. ರೋಗಿಯು 55 ವರ್ಷ ದಾಟಿದವನಾಗಿದ್ದು ಗೆಡ್ಡೆಯು ಉಗ್ರಜಾತಿಯದಾಗಿದ್ದರೆ, ಆ ವಯಸ್ಸಿನಲ್ಲಿ ಇತರ ವಿಕಾರಗಳು ಅತಿವಿರಳವಾದುದರಿಂದ, ಬಣ್ಣವೇರದ ಪದರವನ್ನು ಸಾಮಾನ್ಯವಾಗಿ ನಂಬುವರು; ಅದಕ್ಕಿಂತ ಕಿರಿಯನಾದರೆ ಜೀನನ್ನೇ ಅಕ್ಷರಶಃ ಓದಿಸುವರು. ಆದರೆ ಆ ಓದಿಗೂ ತನ್ನದೇ ಕತ್ತಲೆಯುಂಟು: ವಿಕೃತ ಕೋಶಗಳು ವಿರಳವಾಗಿ ಚದರಿರುವಲ್ಲಿ ಅವುಗಳ ಜೀನು ನೆರೆಯ ಸ್ವಸ್ಥಕೋಶಗಳ ಜೀನುಗಳ ಸಂದಣಿಯಲ್ಲಿ ಅಡಗಿಹೋಗಬಹುದು, ಅಂಥಲ್ಲಿ ಒಂಟಿಯಾಗಿ ನುಸುಳಿದ ಒಂದೇ ಕೋಶವನ್ನೂ ಕಂದುಬಣ್ಣದಲ್ಲಿ ತೋರಿಸಿಕೊಡುವುದು ಮತ್ತೆ ಈ ಪ್ರತಿಕಾಯವೇ.