ಯಾರಿಗೆ ತೆರೆದದ್ದು?

ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿ ಹೊರಟುಹೋದ ಮೇಲೆ ಪ್ರಯೋಗಾಲಯದಲ್ಲಿ ಉಳಿಯುವುದೇನು? ಬೀರುವಿನಲ್ಲೊಂದು ಹಾರ್ಡ್ ಡಿಸ್ಕ್. ಅದರೊಳಗೆ ‘ಕೆರೆ_ಫೈನಲ್’, ‘ಕೆರೆ_ಫೈನಲ್_2’, ‘ಕೆರೆ_ಇದೇ_ಫೈನಲ್’ ಎಂಬ ಮೂರು ಫೋಲ್ಡರು. ಆಮೇಲೆ ಬಂದವರು ಮೂರನ್ನೂ ತೆರೆದು ನೋಡುತ್ತಾರೆ. ಮೋಡ ಮುಸುಕಿದ ಉಪಗ್ರಹ ಚಿತ್ರಗಳನ್ನು ಯಾವ ಲೆಕ್ಕದಲ್ಲಿ ಕೈಬಿಟ್ಟರು, ಕೆರೆಯ ನೀರಿನ ಅಂಚನ್ನು ಹೇಗೆ ಗುರುತಿಸಿದರು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅದು ಹೋದವರ ತಲೆಯೊಳಗೇ ಹೋಯಿತು. ದತ್ತಾಂಶ ಕಣ್ಣೆದುರಿಗಿದ್ದೂ ಮುಚ್ಚಿಕೊಂಡಿದೆ.

ಬಿಟ್ಟಿ ಸಿಕ್ಕರೆ ಮುಕ್ತವಾದಂತೆ ಎಂದು ನಾವು ಬಹುಕಾಲ ನಂಬಿದ್ದೆವು. ನಂಬಲು ಕಾರಣವೂ ಇತ್ತು. 1972ರಿಂದ ಭೂಮಿಯ ಚಿತ್ರ ತೆಗೆಯುತ್ತ ಬಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಒಂದು ಚಿತ್ರಕ್ಕೆ 2008ಕ್ಕೆ ಮುಂಚೆ ಸುಮಾರು 600 ಡಾಲರ್ ತೆರಬೇಕಿತ್ತು. ಉಚಿತ ಮಾಡಿದ್ದೇ ತಡ, ದಿನಕ್ಕೆ ಹತ್ತಾರು ಹೋಗುತ್ತಿದ್ದ ಚಿತ್ರಗಳು ಕೆಲವೇ ವರ್ಷಗಳಲ್ಲಿ ಸಾವಿರಾರು ಹೋಗತೊಡಗಿದವು.

ಈಗಿನ ತೊಡಕು ಬೇರೆ. ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೊ ಉಪಗ್ರಹ ನಿಸಾರ್‌ನಿಂದ ದಿನಕ್ಕೆ ಸುಮಾರು 80 ಟೆರಾಬೈಟ್ ದತ್ತಾಂಶದ ನಿರೀಕ್ಷೆಯಿದೆ. 100 ಎಂಬಿಪಿಎಸ್ ಇಂಟರ್ನೆಟ್ ಇರುವ ಕಾಲೇಜಿಗೆ ಆ ಒಂದು ದಿನದ ಫಸಲನ್ನು ಇಳಿಸಿಕೊಳ್ಳಲು ಎರಡು ತಿಂಗಳು ಸಾಲದು. ಆದ್ದರಿಂದಲೇ ನಾಸಾ ದತ್ತಾಂಶವನ್ನು ಕ್ಲೌಡ್‌ನಲ್ಲಿಟ್ಟು, ಲೆಕ್ಕವನ್ನೂ ಅಲ್ಲಿಯೇ ಮಾಡಿ ಎನ್ನುತ್ತಿದೆ. ತುಂಡುತುಂಡಾಗಿ ಓದುವಂತೆ ಕಡತವನ್ನು ಜೋಡಿಸಿಟ್ಟಿದ್ದರೆ, 185 ಕಿ.ಮೀ. ಅಗಲದ ಲ್ಯಾಂಡ್‌ಸ್ಯಾಟ್ ಚಿತ್ರದಿಂದ ನಮ್ಮ ಕೆರೆಯ ಚೂರನ್ನಷ್ಟೇ ಓದಿಕೊಳ್ಳಬಹುದು.

ಬೀರು ಬದಲಾದರೆ ಅಭ್ಯಾಸ ಬದಲಾದೀತೆ? ‘ಕೆರೆ_ಇದೇ_ಫೈನಲ್’ ಕ್ಲೌಡ್‌ಗೂ ಏರಿ ಕೂರುತ್ತದೆ. ನಾಸಾದ ದತ್ತಾಂಶ ಕೇಂದ್ರಗಳ ಸಿಬ್ಬಂದಿಯೊಂದಿಗೆ ದುಡಿಯುವ ಓಪನ್‌ಸ್ಕೇಪ್ಸ್ ಬಳಗ ಈ ಗಂಟನ್ನು ಸರಿಯಾದ ಕಡೆಯಿಂದ ಬಿಚ್ಚಿತು. ಬೇರೆ ಬೇರೆ ಕೇಂದ್ರಗಳವರು ಕೂಡಿ ಒಂದೇ ‘ಕುಕ್‌ಬುಕ್’ ಬರೆದರು: ದತ್ತಾಂಶ ಹುಡುಕುವುದು ಹೇಗೆ, ತೆರೆಯುವುದು ಹೇಗೆ, ಎಲ್ಲ ಕೋಡ್ ಸಮೇತ. ಹೀಗೆ ಕೂಡಿ ಬರೆಯಬೇಕಾದರೆ ಅರೆಬೆಂದ ಕೆಲಸವನ್ನು ಪಕ್ಕದವರಿಗೆ ತೋರಿಸುವ ಸಂಕೋಚ ಮೊದಲು ಹೋಗಬೇಕು. ಕ್ಲೌಡ್‌ಗೆ ಹೊರಳುವ ಸಂಸ್ಥೆಗಳಿಗೆ ಬೇಕಾದ ನೆರವಿನಲ್ಲಿ ಕಷ್ಟದ ಪಾಲು ಈ ಸಂಕೋಚ ಕಳೆಯುವುದೇ. ತಂತ್ರಾಂಶವನ್ನು ವಾರದಲ್ಲಿ ಕಲಿಯಬಹುದು.

ಕ್ಲೌಡ್ ಎಂದರೆ ಕೊನೆಗೆ ಬೇರೆಯವರ ಯಂತ್ರ, ಅದೂ ಬಾಡಿಗೆಗೆ ಎಂಬ ಆಕ್ಷೇಪವಿದೆ. ನಿಜ. ನಾಸಾದ ಕ್ಲೌಡ್ ಸಂಗ್ರಹವಿರುವುದು ಅಮೆಜಾನ್‌ನಲ್ಲಿ. ದತ್ತಾಂಶ ಬಿಟ್ಟಿಯಾದರೂ ಲೆಕ್ಕ ಮಾಡುವ ಯಂತ್ರಕ್ಕೆ ಬಿಲ್ಲು ಓಡುತ್ತಿರುತ್ತದೆ; ಅನುದಾನ ನಿಂತ ದಿನ ಕೆಲಸವೂ ನಿಲ್ಲುತ್ತದೆ. ಹಾಗಾಗಿ ನೆರವಾಗಲು ಹೋದವರು ಬಿಲ್ಲಿನ ಲೆಕ್ಕವನ್ನೂ ಕಲಿಸಬೇಕು, ನಾಳೆ ಬೇರೆ ಯಂತ್ರಕ್ಕೆ ಹೊತ್ತೊಯ್ಯಬಹುದಾದಂಥ ಕೋಡನ್ನೇ ಬರೆಸಬೇಕು.

ವಿಜ್ಞಾನದ ಮಾತಿಗೆ ಬಲ ಬರುವುದು, ಹೇಳಿದವರ ನೆರವಿಲ್ಲದೆ ಇನ್ನೊಬ್ಬರು ಅದನ್ನು ಪರೀಕ್ಷಿಸಿ ನೋಡಿದಾಗ. ಮುಕ್ತತೆಯನ್ನೂ ಹಾಗೆಯೇ ಅಳೆಯೋಣ. ಕೆಲಸ ಮಾಡಿದವರು ರಜೆಯಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ. ಹೊಸದಾಗಿ ಸೇರಿದ ಹುಡುಗಿ ಒಬ್ಬಳೇ ಕೂತು ಅದೇ ಕೆರೆಗೆ ಅದೇ ಅಂಚನ್ನು ಮತ್ತೆ ಎಳೆಯಬಲ್ಲಳೆ? ಅದು ತಪ್ಪಿದ್ದರೆ, ತಿದ್ದಬಲ್ಲಳೆ?