ಈಚೆ ದಡ

ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸಿನ ನಮ್ಮ ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಶೆಡ್ಡು ಇದೆ. 10 ಅಡಿ ಉದ್ದ, 8 ಅಡಿ ಅಗಲ. ಸಂಕ್ರಾಂತಿಯಿಂದೀಚೆಗೆ ಅಲ್ಲಿ ಕೂತು ದೋಣಿ ಮಾಡುತ್ತಿದ್ದೇನೆ. ಗಂಗೊಳ್ಳಿ ಕಡೆ ಕಂಡ ಹೊಳೆ ದಾಟಿಸುವ 18 ಅಡಿಯ ಕಡವಿನ ದೋಣಿಯ ಅಳತೆಯನ್ನು ದಾರ ಹಿಡಿದು ತಂದಿದ್ದೆ. ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ನನ್ನದು 18 ಇಂಚು. ಮರ ತೇಗ, ಬಂಗಾರಪೇಟೆಯಲ್ಲಿ ಕೆಡವಿದ ಹಳೇ ಮನೆಯ ಬಾಗಿಲುವಾಡದ್ದು.

ನೋಡಿದವರು ಕೇಳುತ್ತಾರೆ, ಈ ಊರಲ್ಲಿ ದೋಣಿ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ನಮ್ಮದು ಕೆರೆಗಳ ಸೀಮೆ. ಪಾಲಾರ್ ಇದೆ, ಆದರೆ ಮಳೆ ಹಿಡಿದರೆ ಮಾತ್ರ ಅದು ಹೊಳೆ. ಅದಕ್ಕೆ ಕಟ್ಟಿದ ಬೇತಮಂಗಲದ ಕೆರೆಯಿಂದ ಗಣಿಗೂ ಮನೆಗಳಿಗೂ ನೀರು ಬರುತ್ತಿತ್ತು. ಕಾವೇರಿ ನಮ್ಮಲ್ಲಿಗೆ ಬಂದದ್ದು ತಂತಿಯ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟಾಗಿ ಬಂದು ಗಣಿಯ ಯಂತ್ರ ತಿರುಗಿಸಿದಳು. ದಾಟಬೇಕಾದ ನೀರು ನಮ್ಮ ಬದುಕಿನಲ್ಲಿ ಇರಲೇ ಇಲ್ಲ.

ಆದರೂ ಭಜನೆಯಲ್ಲಿ ನಾವೂ ಹಾಡಿದ್ದು ಅದನ್ನೇ. ಸಂಸಾರ ಒಂದು ಸಾಗರ, ದೇವರು ಅಂಬಿಗ, ಆಚೆ ದಡಕ್ಕೆ ಮುಟ್ಟಿಸಪ್ಪಾ ಅಂತ. ಬೂದಿಕೋಟೆಯ ಪಕ್ಕದ ಹಳ್ಳಿಯಲ್ಲಿ ಬಡಗಿಯಾಗಿದ್ದ ನಮ್ಮಪ್ಪ ಶನಿವಾರದ ಭಜನೆಯಲ್ಲಿ ತಾಳ ಹಿಡಿದು ಕೂತರೆ ಕಣ್ಣು ಮುಚ್ಚಿಯೇ ಹಾಡುತ್ತಿದ್ದರು. ನನಗೂ ಆ ಹಾಡುಗಳು ಬಾಯಿಗೆ ಬರುತ್ತವೆ. ಈ ದೋಣಿಗೆ ತಳದ ಬೆನ್ನುಮರ ಕೂರಿಸುವಾಗ ಗುನುಗುತ್ತಾ ಇದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟೆ. ನನ್ನ ಆಯಸ್ಸಿನಲ್ಲಿ ಒಂದು ದಿನವಾದರೂ ನಾನು ಆಚೆ ದಡ ಬೇಕು ಎಂದು ದೇವರನ್ನು ಕೇಳಿದ್ದೇನೆಯೇ? ಇಲ್ಲ. ಕೇಳಿದ್ದೆಲ್ಲ ಒಂದೇ: ವಾಪಸ್ ಕರೆದುಕೊಂಡು ಬಾ.

ನಾನು 1977ರಲ್ಲಿ ಗಣಿಗೆ ಸೇರಿದೆ, ಟಿಂಬರ್‌ಮನ್ ಆಗಿ. ಅದಿರು ತೆಗೆದು ಖಾಲಿಯಾದ ಜಾಗಕ್ಕೆ ಸ್ಟೋಪ್ ಅನ್ನುತ್ತಿದ್ದೆವು. ಅಲ್ಲಿ ನೆತ್ತಿಯ ಬಂಡೆ ಕೆಳಗಿಳಿಯದಂತೆ ದಿಮ್ಮಿ ನಿಲ್ಲಿಸಿ, ತಲೆಗೆ ಬೆಣೆ ಹೊಡೆದು ಬಿಗಿ ಮಾಡುವುದು ನಮ್ಮ ಕೆಲಸ. ಚಾಂಪಿಯನ್ ರೀಫ್ ಕಡೆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಅಲ್ಲಿ ಕಬ್ಬಿಣವೂ ಇತ್ತು, ಕಡಿದ ಕಗ್ಗಲ್ಲಿನ ಗೋಡೆಯೂ ಇತ್ತು. ಆದರೆ ನಮ್ಮ ನಂಬಿಕೆ ಮರದ ಮೇಲೆ. ಮರ ಮಾತಾಡುತ್ತದೆ. ಭಾರ ಹೆಚ್ಚಾದರೆ ಮೊದಲು ಕಿರ್ ಅನ್ನುತ್ತದೆ, ಆಮೇಲೆ ಎಳೆ ಬಿಡುವ ಸಣ್ಣ ಚಟಪಟ. ಓಡಲು ಅಷ್ಟು ಹೊತ್ತು ಸಾಕು.

ಗಣಿಗೆ ಇಳಿಸುವ ಕೇಜಿನೊಳಗೆ ಒತ್ತಿಕೊಂಡು ನಿಂತು, ಗಂಟೆ ಹೊಡೆದು, ಕಾಲ ಕೆಳಗಿನ ನೆಲ ಜಾರಿದಂತಾಗುವ ಆ ಗಳಿಗೆಯಲ್ಲಿ ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು. ಒಬ್ಬರಿಗೆ ಮುನೇಶ್ವರ, ಒಬ್ಬರಿಗೆ ಮೇರಿಯಮ್ಮ, ನನಗೆ ಕೋಲಾರಮ್ಮ. ಹೆಸರು ಬೇರೆ, ಬೇಡಿಕೆ ಬೇರೆಯಲ್ಲ. ಸಂಜೆ ಬೆಳಕಿಗೆ ಬಂದು ಕಣ್ಣು ಕಿರಿದು ಮಾಡಿಕೊಂಡಾಗ ಸಿಕ್ಕಿದ್ದೇ ನಮಗೆ ಪ್ರಸಾದ. ಕೇಜೇ ನಮ್ಮ ದೋಣಿಯಾಗಿತ್ತು, ಸರಿ. ಆದರೆ ಅದು ಹೊರಟ ದಡಕ್ಕೇ ತಿರುಗಿ ಬಂದರೆ ಮಾತ್ರ ನಮಗೆ ದೋಣಿ.

ನನ್ನ ಜೊತೆಗಾರನೊಬ್ಬ ಮಾರಿಕುಪ್ಪಂನವನು. ನನಗಿಂತ ಹತ್ತು ವರ್ಷ ಹಿರಿಯ. ನಾನು ಅಣ್ಣ ಅನ್ನುತ್ತಿದ್ದೆ, ಅವನು ತಂಬಿ ಅನ್ನುತ್ತಿದ್ದ. ಮನೆತನದಿಂದಲೇ ಬೌದ್ಧ. ಹೊರಗಿನವರಿಗೆ ಇದು ಆಶ್ಚರ್ಯ. ಅಂಬೇಡ್ಕರ್ ಅವರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅದಕ್ಕೂ ಎಷ್ಟೋ ಮೊದಲು, 20ನೆಯ ಶತಮಾನದ ಆರಂಭದಲ್ಲೇ, ಮದ್ರಾಸಿನ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘಕ್ಕೆ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನಲ್ಲಿ ಶಾಖೆಗಳಿದ್ದವು. ನೆಲದಡಿ ದುಡಿಯುವ ತಮಿಳು ಕೂಲಿಗಳು ಸೇರಿ ನಡೆಸಿದ ಸಂಘಗಳು ಅವು. ನಮ್ಮ ಊರಿನ ಚರಿತ್ರೆ ಅಂದರೆ ಚಿನ್ನದ ತೂಕ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಹೇಳಬೇಕು.

ತೊಂದರೆ ಇಲ್ಲದ ಒಂದು ದಿನ, ಬುತ್ತಿ ಬಿಚ್ಚಿಕೊಂಡು ಕೂತಾಗ ಅಣ್ಣ ಬುದ್ಧನ ತೆಪ್ಪದ ಕಥೆ ಹೇಳಿದ. ಒಬ್ಬ ದಾರಿಹೋಕ ದೊಡ್ಡ ನೀರಿನ ಎದುರು ಬಂದು ನಿಲ್ಲುತ್ತಾನೆ. ಈಚೆ ದಡ ಅಪಾಯದ್ದು, ಆಚೆಯದು ಕ್ಷೇಮ. ಹುಲ್ಲು, ಕಡ್ಡಿ, ಕೊಂಬೆ, ಎಲೆ ಕಟ್ಟಿ ತೆಪ್ಪ ಮಾಡಿಕೊಂಡು, ಕೈಕಾಲು ಬಡಿದು ದಾಟುತ್ತಾನೆ. ದಾಟಿದ ಮೇಲೆ, ಎಂಥ ಉಪಕಾರ ಮಾಡಿದ ತೆಪ್ಪ ಅಂತ ಅದನ್ನು ತಲೆಯ ಮೇಲೆ ಹೊತ್ತು ನಡೆದರೆ ಅದು ವಿವೇಕವೇ? ಅಲ್ಲ, ಬಿಟ್ಟು ಹೋಗಬೇಕು. ನನ್ನ ಧರ್ಮವೂ ಹಾಗೆಯೇ, ದಾಟುವುದಕ್ಕೆ, ಹಿಡಿದುಕೊಳ್ಳುವುದಕ್ಕಲ್ಲ ಅನ್ನುತ್ತಾನೆ ಬುದ್ಧ.

ನಾನು ಬಡಗಿಯ ಮಗ, ನನಗೆ ತೆಪ್ಪದ್ದೇ ಚಿಂತೆ. "ಅಣ್ಣಾ, ಅವನು ಆಚೆ ಬಿಟ್ಟು ಹೋದ. ಈಚೆ ದಡಕ್ಕೆ ಇನ್ನೊಬ್ಬ ಬಂದರೆ ಅವನ ಗತಿ?" ಅಂದೆ.

ಅಣ್ಣ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದ: "ಅದಕ್ಕೇ ತಂಬಿ ಅವನು ವಾಪಸ್ ಬಂದಿದ್ದು. ಬೋಧಿ ಆದ ಮೇಲೂ 45 ವರ್ಷ ಊರೂರು ನಡೆದನಲ್ಲ, ಯಾರಿಗೋಸ್ಕರ?"

ಮುಂದೆ ಆ ಕಥೆಯನ್ನು ನಾನೇ ಓದಿದೆ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದ 22ನೆಯ ಸುತ್ತದಲ್ಲಿದೆ. ಓದುವಾಗ ಒಂದು ಸಣ್ಣ ಮಾತಿನ ಮೇಲೆ ಕಣ್ಣು ನಿಂತಿತು. ಆ ದಡದಲ್ಲಿ ಸೇತುವೆಯೂ ಇಲ್ಲ, ದಾಟಿಸುವ ನಾವೆಯೂ ಇಲ್ಲ. ಅಂಬಿಗನಿಲ್ಲದ ಕಡೆ ಹುಟ್ಟಿದ ಕಥೆ ಅದು. ಅಂಬಿಗ ಇದ್ದಿದ್ದರೆ ತೆಪ್ಪವನ್ನು ಹೊರುವುದೋ ಬಿಡುವುದೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ದೋಣಿ ತಾನಾಗಿ ಈಚೆಗೆ ಬರುತ್ತಿತ್ತು.

ನಮ್ಮಲ್ಲಿ ಅಂಬಿಗನೇ ಶರಣನಾದದ್ದುಂಟು. 12ನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ವಚನಗಳಿಗೆ ದೇವರ ಅಂಕಿತ ಇಡದೆ ಕಸುಬು ಕೂಡಿದ ತನ್ನ ಹೆಸರನ್ನೇ ಇಟ್ಟ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರ ಅವನ ಹೆಸರಿನ ಊರು. ಅವನ ಬಾಯಿ ಬಲು ಖಾರ, ನೇರ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಮಾತಿಗಿಂತ ಅವನ ದಿನಚರಿ. ದಿನಕ್ಕೆ ಎಷ್ಟು ಸಲ ಆಚೆ ದಡ ಮುಟ್ಟಿದನೋ ಅಷ್ಟು ಸಲ ಅದನ್ನು ಬಿಟ್ಟು ಬಂದವನು. ಆಚೆ ದಡವೇ ಮುಕ್ತಿಯಾದರೆ, ದಿನವೂ ಅದನ್ನು ಮುಟ್ಟಿ ತಿರುಗುವವನನ್ನು ಏನೆನ್ನಬೇಕು? ಅವನು ದಾಟದೇ ಉಳಿದವನಲ್ಲ. ನನ್ನ ಮಟ್ಟಿಗೆ, ದೇವರಿಗೆ ಅಂಬಿಗ ಅನ್ನುವ ಹೆಸರು ಒಪ್ಪುವುದು ಅವನು ಆಚೆ ಒಯ್ಯುತ್ತಾನೆ ಅಂತಲ್ಲ, ಈಚೆ ಬರುತ್ತಾನೆ ಅಂತ.

ಬಂಡೆ ಸಿಡಿಯುವುದನ್ನು ನಮ್ಮ ಹಳಬರು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಅಂಥದೊಂದು ರಾತ್ರಿ ನಾನು ಮನೆಯಲ್ಲಿದ್ದೆ. ಅಡುಗೆಮನೆ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅಂದವು, ನಿಂತವು. ಊರಲ್ಲಿ ಎಲ್ಲ ಮನೆಗಳ ದೀಪ ಹತ್ತಿತು. ರಾತ್ರಿ ಪಾಳಿಯಲ್ಲಿ ಅಣ್ಣ ಇದ್ದ. ಅವನಿದ್ದ ಸ್ಟೋಪಿಗೆ ಆ ಹಗಲು ದಿಮ್ಮಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಮೂರನೆಯ ದಿನ ಅವನನ್ನು ಮೇಲೆ ತಂದರು, ಅದೇ ಕೇಜಿನಲ್ಲಿ. ಅಲ್ಲಿಯವರೆಗೆ ಅತ್ತಿಗೆ ಶಾಫ್ಟಿನ ಹತ್ತಿರದ ಹುಣಸೆ ಮರದ ಕೆಳಗೆ ಕೂತಿದ್ದರು. ಬದುಕಿಲ್ಲ ಅನ್ನುವುದು ಅವರಿಗೆ ಗೊತ್ತಾಗಿತ್ತು. ಆದರೂ ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಮೇಲೆ ಬಂದ್ರಾ?" ನನ್ನನ್ನೂ ಕೇಳಿದರು. ಬೌದ್ಧರ ಮನೆಯ ಹೆಣ್ಣುಮಗಳು, ಆತ್ಮ ಇಲ್ಲ, ಎಲ್ಲ ಅನಿತ್ಯ ಅಂತ ಕೇಳಿಯೇ ಬೆಳೆದವರು. ಅವರಿಗೆ ಆಗ ಬೇಕಾಗಿದ್ದದ್ದು ಆಚೆ ದಡದ ಸುದ್ದಿಯಲ್ಲ.

ಅಷ್ಟು ದೊಡ್ಡ ಬಂಡೆಯ ಎದುರು ಮರದ ಲೆಕ್ಕವೇ ಇಲ್ಲ ಅಂದರು ನಮ್ಮ ಮೇಸ್ತ್ರಿ. ನಿಜವೇ. ಬುದ್ಧಿ ಒಪ್ಪಿದೆ. ನನ್ನ ಕೈ ಮಾತ್ರ ಇಂದಿಗೂ ಆ ದಿನ ಹೊಡೆದ ಬೆಣೆಗಳನ್ನು ಒಂದೊಂದಾಗಿ ಎಣಿಸುತ್ತದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಒಳಗೆ ನೀರು ಏರಿತು. ಈಗ ನಾನು ಕೂತಿರುವ ಈ ಶೆಡ್ಡಿನ ಕೆಳಗೆಲ್ಲ ನೀರು ಹೊಕ್ಕ ಸುರಂಗಗಳು, ನಾನು ನಿಲ್ಲಿಸಿದ ಮರಗಳೂ ಆ ನೀರೊಳಗೆ. ಗಾಳಿ ಸೋಕದ ನೀರಲ್ಲಿ ಮರ ಬೇಗ ಕೊಳೆಯುವುದಿಲ್ಲ. ಬೆಣೆಗಳು ಬಿಗಿಯಾಗಿಯೇ ಇರಬಹುದು. ಕೆಲವು ರಾತ್ರಿ ಇದು ಸಮಾಧಾನ ಕೊಡುತ್ತದೆ, ಕೆಲವು ರಾತ್ರಿ ನಿದ್ದೆ ಕೆಡಿಸುತ್ತದೆ.

ಮಗಳನ್ನು ಕುಂದಾಪುರದ ಕಡೆ ಕೊಟ್ಟ ಮೇಲೆ ನಾನು ಮೊದಲ ಸಲ ಕಡವು ನೋಡಿದೆ. ಅಲ್ಲಿಯ ದೋಣಿಗೆ ಎರಡು ತುದಿಯೂ ಚೂಪು. ಮುಂದೆ ಯಾವುದು, ಹಿಂದೆ ಯಾವುದು ಹೇಳಲಾಗದು. ಆಚೆ ಮುಟ್ಟಿದ ಮೇಲೆ ಅಂಬಿಗ ದೋಣಿಯನ್ನು ತಿರುಗಿಸಲೇ ಇಲ್ಲ. ತಾನು ಎದ್ದು ಇನ್ನೊಂದು ತುದಿಗೆ ಹೋಗಿ ಕೂತ, ಅಷ್ಟೇ. ನಾನು ಅವತ್ತು ಸುಮ್ಮನೆ ನಾಲ್ಕು ಸಲ ಹೋಗಿ ಬಂದೆ. ಐದನೆಯ ಸಲ ಅವನು ದುಡ್ಡು ಬೇಡ ಅಂದ, ಅಳತೆ ತೆಗೆಯಲೂ ಬಿಟ್ಟ.

ಎರಡೂ ತುದಿ ಸಮನಾಗಿ ಬರಬೇಕೆಂದರೆ ಎಡದ ಹಲಗೆಗೂ ಬಲದ್ದಕ್ಕೂ ಒಂದೇ ಬಾಗು ಬರಬೇಕು. ಬಾಗಿಲುವಾಡವನ್ನು ಸೀಳಿ, ಹತ್ತರಿ ಹೊಡೆದು ಮೂರು ಮಿಲಿಮೀಟರಿಗೆ ಇಳಿಸಿದೆ. ಕಬ್ಬಿಣದ ಪೈಪಿನೊಳಗೆ ಹಲಗೆ ಇಟ್ಟು, ಕುಕ್ಕರಿನ ಆವಿಯನ್ನು ರಬ್ಬರ್ ಕೊಳವೆಯಲ್ಲಿ ಅದಕ್ಕೆ ಬಿಟ್ಟು, ಕಾಲು ಗಂಟೆ. ತೆಗೆದೊಡನೆ ಬಟ್ಟೆ ಸುತ್ತಿದ ಕೈಯಲ್ಲಿ ಹಿಡಿದು ಅಚ್ಚಿನ ಮೇಲೆ ಒತ್ತಬೇಕು. ಒಂದು ನಿಮಿಷ ತಡವಾದರೆ ಮರ ಮತ್ತೆ ಹಟ ಹಿಡಿಯುತ್ತದೆ. ಮೂರನೆಯ ಹಲಗೆ ಒತ್ತುವಾಗ ಬೆರಳಡಿಯಲ್ಲಿ ಕಿರ್ ಅಂದಿತು. ಎಷ್ಟೋ ವರ್ಷದ ಮೇಲೆ ಕೇಳಿದ ಸದ್ದು. ಎದೆ ಹೊಡೆದುಕೊಂಡಿತು. ಕೈ ಸಡಿಲ ಮಾಡಿ, ಮರಕ್ಕೆ ಕಿವಿ ಹಚ್ಚಿ ಕೂತೆ. ಇನ್ನೊಂದು ಸಲ ಆವಿಗೆ ಇಟ್ಟೆ. ಆಮೇಲೆ ಅದು ಏನೂ ಅನ್ನದೆ ಬಾಗಿತು.

ಒಳಗಿನ ಬಾಗುಮರಗಳಿಗೆ ಹಲಗೆ ಕೂರಿಸಿದ್ದು ಬಿದಿರಿನ ಮೊಳೆಯಿಂದ, ಕಬ್ಬಿಣ ತಾಗಿಸಿಲ್ಲ. ಅಂಟು ಒಣಗುವವರೆಗೆ ಸೊಸೆಯ ಬಟ್ಟೆ ಕ್ಲಿಪ್ಪುಗಳೆಲ್ಲ ಇದರ ಮೈಮೇಲಿದ್ದವು. ಅವಳು ಬೆಂಗಳೂರಿನಲ್ಲಿ ಒಂದು ಕಡೆ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಳೆ. ಗಣಿ ಮುಚ್ಚಿದ ಮೇಲೆ ಈ ಊರು ಉಳಿದಿರುವುದೇ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಹಾಕಿದ ಆ ರೈಲು ದಾರಿಯಿಂದ. ನಸುಕಿನ ಗಾಡಿಯಲ್ಲಿ ಸಾವಿರಾರು ಜನ ನಿಂತುಕೊಂಡೇ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಒಂದು ಬೆಳಗ್ಗೆ ಅವಳನ್ನು ಬಿಡಲು ಹೋದಾಗ, ಗಾಡಿ ಅಲುಗಿದ ಗಳಿಗೆಯಲ್ಲಿ ಬಾಗಿಲ ಹತ್ತಿರ ನಿಂತಿದ್ದ ಒಬ್ಬಾಕೆಯ ತುಟಿ ಅಲ್ಲಾಡಿದ್ದು ನೋಡಿದೆ. ಏನು ಬೇಡಿಕೊಂಡಳೋ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

ಇವತ್ತು ಸಂಜೆ ದೋಣಿಯನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತೇಲಿಬಿಟ್ಟೆ. ಸಮವಾಗಿ ನಿಂತಿತು, ಯಾವ ಕಡೆಗೂ ವಾಲಲಿಲ್ಲ. ಹತ್ತು ನಿಮಿಷಕ್ಕೆ ಮೂರನೆಯ ಹಲಗೆಯ ಸಂದಿನಲ್ಲಿ, ಅದೇ ಜಾಗದಲ್ಲಿ, ನೀರು ಜಿನುಗಿತು. ಎತ್ತಿ, ಒರೆಸಿ, ಬೋರಲು ಹಾಕಿದ್ದೇನೆ. ಒಣಗಿದ ಮೇಲೆ ಸಂದಿಗೆ ಹತ್ತಿಯ ಎಳೆ ತುಂಬಿ ಗೇರೆಣ್ಣೆ ಬಳಿಯಬೇಕು. ಎಣ್ಣೆಯನ್ನು ಅಳಿಯನೇ ಬಾಟಲಿಯಲ್ಲಿ ಕಳಿಸಿದ್ದಾನೆ.

ಮಾರಿಕುಪ್ಪಂ ಕಡೆಯಿಂದ ಗಾಡಿಯ ಕೂಗು ಬಂತು. ಶೆಡ್ಡಿನ ದೀಪ ಆರಿಸದೆ ಕೂತಿದ್ದೆ, ದಾರಿಗೆ ಬೆಳಕಾಗಲಿ ಅಂತ. ಸ್ವಲ್ಪ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು. "ಮಾವ, ಇನ್ನೂ ಮಲಗಿಲ್ವಾ?" ಅಂದಳು.