ಪ್ರಚಾರಕನು ಹೋದ ಮೇಲೆ



ಧರ್ಮಪ್ರಚಾರವೆಂದರೇನು ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಸುಲಭವಾದುದು: ತತ್ತ್ವವನ್ನು ಬಲ್ಲವರು ಅರಿಯದವರಿಗೆ ತಿಳಿಸುವುದು. ಆದರೆ ತಿಳಿಸಿದವನು ಊರು ಬಿಟ್ಟು ಹೊರಟ ಮೇಲೆ ಅಲ್ಲಿ ಏನು ಉಳಿಯುತ್ತದೆ ಎಂಬುದನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಈ ಎರಡನೆಯ ಪ್ರಶ್ನೆಯೇ ಪ್ರಚಾರದ ನಿಜವಾದ ಒರೆಗಲ್ಲೆಂದು ನಮಗೆ ತಡವಾಗಿ ಮನವರಿಕೆಯಾಯಿತು. ಅದನ್ನು ಕಲಿಸಿದ್ದು ಗ್ರಂಥವಲ್ಲ, ಒಂದು ಸಣ್ಣ ಊರು.

ಹೊಳಲ್ಕೆರೆ ತಾಲ್ಲೂಕಿನ ಗ್ರಾಮವೊಂದರಲ್ಲಿ ಹಲವು ವರ್ಷ ಪ್ರತಿ ಹುಣ್ಣಿಮೆಯಂದು ಶಿವಾನುಭವ ಗೋಷ್ಠಿಯನ್ನು ನಡೆಸಿಕೊಂಡು ಬಂದಿದ್ದೆವು. ನಾವು ದಯಮಾಡಿಸುತ್ತೇವೆಂದರೆ ಊರಿಗೆ ಊರೇ ಸೇರುತ್ತಿತ್ತು. ಒಮ್ಮೆ ದೇಹಾಲಸ್ಯದಿಂದ ಒಂದು ವರ್ಷ ಪ್ರವಾಸವನ್ನು ನಿಲ್ಲಿಸಬೇಕಾಯಿತು. ಮರಳಿ ಹೋದಾಗ ತಿಳಿದದ್ದು, ಆ ಹನ್ನೆರಡು ಹುಣ್ಣಿಮೆಗಳಲ್ಲಿ ಗೋಷ್ಠಿ ಒಂದು ಸಲವೂ ನಡೆದಿರಲಿಲ್ಲ. ವಚನದ ಪುಸ್ತಕಗಳಿದ್ದ ಪೆಟ್ಟಿಗೆಗೆ ಹಾಕಿದ ಬೀಗ ಹಾಗೆಯೇ ಇತ್ತು. ಬೀಗದ ಕೈ ಯಾರಲ್ಲಿದೆಯೆಂಬುದೇ ಊರಿನವರಿಗೆ ಮರೆತಿತ್ತು. “ಬುದ್ಧಿ, ತಾವಿಲ್ಲದೆ ನಮ್ಮ ಕೈಲಿ ಏನಾಗುತ್ತೆ?” ಎಂದರು ಹಿರಿಯ ಗೌಡರು. ಆ ಮಾತು ಆ ಕ್ಷಣ ನಮಗೆ ಹಿತವೆನಿಸಿತು. ನಮ್ಮ ತಪ್ಪು ಆ ಹಿತದಲ್ಲಿಯೇ ಇತ್ತು.

ಅಂದು ರಾತ್ರಿ ಪ್ರಸಾದದ ಬಳಿಕ ಒಬ್ಬ ತರುಣ ಸಂಕೋಚದಿಂದ ಹೇಳಿದ: “ಬುದ್ಧಿ, ಆಚೆ ಓಣಿಯಲ್ಲಿ ಕ್ರೈಸ್ತರದು ಹತ್ತು ಹನ್ನೆರಡು ಮನೆ. ಅವರ ಪಾದ್ರಿಗಳು ಪಟ್ಟಣದಿಂದ ತಿಂಗಳಿಗೊಂದು ಸಲ ಬರ್ತಾರೆ. ಉಳಿದ ಭಾನುವಾರ ಅವರವರೇ ಪ್ರಾರ್ಥನೆ ನಡೆಸ್ತಾರೆ, ಒಂದು ವಾರವೂ ತಪ್ಪಿಲ್ಲ. ನಾವು ಮುನ್ನೂರು ಮನೆ ಇದ್ದೀವಿ.” ಮುಂದೆ ಅವನೇನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮುಂದಿನ ಭಾನುವಾರ ನಾವೇ ಆ ಓಣಿಗೆ ಹೋದೆವು. ಅವರು ಗೌರವದಿಂದ ಬರಮಾಡಿಕೊಂಡರು. ಪ್ರಾರ್ಥನೆ ನಡೆಸಿದವನು ಬಟ್ಟೆ ಹೊಲಿಯುವವನು. ಗ್ರಂಥ ಓದಿದವಳು ಕೂಲಿ ಮಾಡುವ ಹೆಣ್ಣುಮಗಳು. ಕಾಣಿಕೆಯನ್ನು ಎಲ್ಲರೆದುರು ಎಣಿಸಿ ಪುಸ್ತಕದಲ್ಲಿ ಬರೆದರು. ಇದನ್ನೆಲ್ಲ ಹೇಗೆ ಕಲಿತಿರೆಂದು ಕೇಳಿದಾಗ ಆ ದರ್ಜಿ ಹೇಳಿದ: “ಮೊದಲ ಸಲ ನಿಂತಾಗ ಕೈ ನಡುಗಿತು ಸ್ವಾಮಿಗಳೇ. ಪಾದ್ರಿಗಳು ಹಿಂದೆ ಕೂತು ಕೇಳಿದರು. ತಪ್ಪಿದ್ದನ್ನು ಆಮೇಲೆ ಮನೆಗೆ ಬಂದು ಹೇಳಿದರು, ಸಭೆಯಲ್ಲಿ ಹೇಳಲಿಲ್ಲ.” ನಾಯಕತ್ವವನ್ನು ಬೆಳೆಸುವ ವಿದ್ಯೆಯೆಲ್ಲ ಈ ಮೂರು ಮಾತುಗಳಲ್ಲಿದೆ: ನಿಲ್ಲಿಸುವುದು, ಹಿಂದೆ ಕೂರುವುದು, ತಪ್ಪನ್ನು ಮಾನ ಉಳಿಸಿ ತಿದ್ದುವುದು.

ಕ್ರೈಸ್ತಸಭೆಗೆ ಈ ವಿದ್ಯೆ ಮೊದಲಿನಿಂದ ಇತ್ತೆಂದು ತಿಳಿಯಬೇಡಿ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ ಕೆಲಸ ಮಾಡಿತು. ಶಾಲೆ, ಮುದ್ರಣಾಲಯ, ಆಸ್ಪತ್ರೆಗಳಿಂದ ಕನ್ನಡ ನಾಡಿಗೆ ಅವರು ಮಾಡಿದ ಉಪಕಾರ ದೊಡ್ಡದು. 1894ರಲ್ಲಿ ಹೊರಬಂದ ಕಿಟ್ಟೆಲ್ಲರ ನಿಘಂಟನ್ನು ಇಂದಿಗೂ ನಾವು ತೆರೆಯುತ್ತೇವೆ. ಆದರೆ ಹಣ, ಆಡಳಿತ, ತೀರ್ಮಾನಗಳು ಬಹುಕಾಲ ವಿದೇಶೀಯರ ಕೈಯಲ್ಲಿಯೇ ಉಳಿದವು. ಇದು ದೋಷವೆಂದು ಕಂಡವರು ಅವರಲ್ಲಿಯೇ ಇದ್ದರು. ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ನರು, ಸ್ಥಳೀಯ ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ತನ್ನ ಖರ್ಚನ್ನು ತಾನೇ ಹೊರಬೇಕು, ತಾನೇ ಬೆಳೆಯಬೇಕು ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಪ್ರತಿಪಾದಿಸಿದ್ದರು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನವರು, ನಮಗೆ ನಿಮ್ಮ ತ್ಯಾಗ ಮಾತ್ರ ಸಾಲದು, ಸಮಾನರ ಸ್ನೇಹ ಬೇಕು ಎಂಬ ಅರ್ಥದ ಮಾತನ್ನು ಮಿಶನರಿಗಳ ಮುಖಕ್ಕೇ ಹೇಳಿದರು. 1912ರಲ್ಲಿ ಅವರೇ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು.

ಮಾತು ಮಾಡಲಾರದ್ದನ್ನು ಕಾಲ ಮಾಡಿಸಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿ, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಪ್ರಚಾರಕರು ಹೋದರು, ಸಭೆಗಳು ಉಳಿದವು. ಅವುಗಳ ಭಾರ ಸ್ಥಳೀಯ ಪಾದ್ರಿಗಳ ಮತ್ತು ಹಿರಿಯರ ಹೆಗಲಿಗೆ ಬಂದಿತು. ಸರ್ವಜ್ಞನ ವಚನಗಳನ್ನು ಊರೂರು ಸುತ್ತಿ ಕೂಡಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಉತ್ತಂಗಿ ಚನ್ನಪ್ಪನವರು ಆ ಪೀಳಿಗೆಯ ಪಾದ್ರಿಗಳು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಶ್ರದ್ಧೆಯಿಂದ ದುಡಿದ ಅವರನ್ನು ನಮ್ಮ ಸಮಾಜ ಮರೆಯಬಾರದು.

ಇಲ್ಲಿ ಒಂದು ಆಕ್ಷೇಪವುಂಟು. ಮಿಶನರಿಗಳು ನಮ್ಮವರನ್ನು ಮತಾಂತರಿಸಿದವರಲ್ಲವೆ, ಅವರಿಂದ ಕಲಿಯುವುದೇನು ಎನ್ನುವ ಭಕ್ತರಿದ್ದಾರೆ. ಆಸೆ ತೋರಿಸಿ ತಲೆ ಎಣಿಸುವ ಪ್ರಚಾರ ಯಾರು ಮಾಡಿದರೂ ಅಧರ್ಮವೇ. ಆದರೆ ಬಿಟ್ಟು ಹೋದವರಲ್ಲಿ ಅನೇಕರು ಯಾವ ಬಾಗಿಲಲ್ಲಿ ನಿಂತು ಕಾದು ಕಾದು ಹೊರಟರು ಎಂಬುದನ್ನೂ ನಾವು ನೆನೆಯಬೇಕು. ನಮ್ಮ ಪಂಕ್ತಿಯಲ್ಲಿ ಸಿಗದ ಮಾನ ಇನ್ನೊಂದು ಪಂಕ್ತಿಯಲ್ಲಿ ಸಿಕ್ಕಿತೆಂದರೆ, ದೂರಬೇಕಾದುದು ಬಡಿಸಿದವರನ್ನಲ್ಲ.

ಇಷ್ಟಕ್ಕೂ ಈ ವಿದ್ಯೆ ನಮಗೆ ಹೊಸದೆ? ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿ ಆಯುವವರ ಮನೆಯ ಲಕ್ಕಮ್ಮ ಇವರೆಲ್ಲ ಕೇಳುಗರಾಗಿ ಮಾತ್ರ ಕುಳಿತಿರಲಿಲ್ಲ. ಮಾತನಾಡಿದರು, ಪ್ರಶ್ನಿಸಿದರು, ವಚನ ರಚಿಸಿದರು. ಆದುದರಿಂದಲೇ ಬಸವಣ್ಣನವರು ಕೂಡಲ ಸಂಗಮಕ್ಕೆ ತೆರಳಿ, ಕಲ್ಯಾಣ ಕದಡಿ, ಶರಣರು ದಿಕ್ಕು ದಿಕ್ಕಿಗೆ ಚದುರಿದರೂ ಧರ್ಮ ನಂದಲಿಲ್ಲ. ಚದುರಿದ ಒಬ್ಬೊಬ್ಬರೂ ಒಂದೊಂದು ದೀಪವಾಗಿದ್ದರು. ಅವರಲ್ಲೊಬ್ಬರಾದ ನುಲಿಯ ಚಂದಯ್ಯನವರ ಐಕ್ಯಸ್ಥಳವೆಂದು ಭಕ್ತರು ನಡೆದುಕೊಳ್ಳುವ ನುಲೇನೂರು ಇದೇ ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಹಗ್ಗ ಮಾರಿ ಜಂಗಮ ದಾಸೋಹ ಮಾಡಿದ ಶರಣರ ನೆಲದಲ್ಲಿ ನಮ್ಮ ಪುಸ್ತಕದ ಪೆಟ್ಟಿಗೆಗೆ ಬೀಗ ಬಿದ್ದಿತ್ತು!

ಈಚಿನ ಕಾಲದಲ್ಲಿಯೂ ದಾರಿ ತೋರಿದವರಿದ್ದಾರೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ ಮಠಗಳಿಗೆ ಬೇಕಾದ ಸಾಧಕರನ್ನು ಸಿದ್ಧಪಡಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರ ತಂಡ ನಾಟಕದ ಮೂಲಕ ಊರೂರಿಗೆ ವಿಚಾರವನ್ನು ಒಯ್ದಿತು. ಮಠಾಧಿಪತಿಗಳನ್ನು ತಯಾರು ಮಾಡಿದೆವು, ಕಲಾವಿದರನ್ನು ತಯಾರು ಮಾಡಿದೆವು; ಹಿರಿಯೂರಿನ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಗೋಷ್ಠಿ ನಡೆಸಬಲ್ಲ ಒಬ್ಬ ರೈತನನ್ನು, ಒಬ್ಬ ಗೃಹಿಣಿಯನ್ನು ತಯಾರು ಮಾಡಿದೆವೆ?

ಎಲ್ಲರೂ ಮುಂದಾಳುಗಳಾದರೆ ಗುರುವಿನ ಸ್ಥಾನವೇನಾದೀತೆಂದು ಕೆಲವರು ಅಂಜುತ್ತಾರೆ. ಗೌರವ ಬೇರೆ, ಪರಾವಲಂಬನೆ ಬೇರೆ. ಮಗು ನಡೆಯಲು ಕಲಿತರೆ ತಾಯಿಯ ತಾಯ್ತನ ಕಡಿಮೆಯಾಗುವುದಿಲ್ಲ. ಇನ್ನೊಂದು ಭಯ ಹೆಚ್ಚು ನಿಜವಾದುದು: ಗುರು ಬಿಟ್ಟ ಜಾಗವನ್ನು ಊರಿನ ಬಲಾಢ್ಯನು ಹಿಡಿದಾನು. ಅದಕ್ಕೆ ಮದ್ದು ಆ ದರ್ಜಿಯ ಸಭೆಯಲ್ಲಿಯೇ ಇದೆ. ಲೆಕ್ಕ ಎಲ್ಲರೆದುರು ಆಗಲಿ. ಹೊಣೆ ಒಬ್ಬರಿಂದ ಒಬ್ಬರಿಗೆ ಸುತ್ತಲಿ. ಹೆಣ್ಣುಮಕ್ಕಳ ದನಿಯೂ ಕೇಳಲಿ.

ಆ ಗ್ರಾಮದವರಿಗೆ ನಾವು ಹೇಳಿದೆವು: ಇನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಬರುತ್ತೇವೆ, ಬಂದರೂ ಹಿಂದೆ ಕೂರುತ್ತೇವೆ. ಮೊದಲ ಹುಣ್ಣಿಮೆಗೆ ಏಳು ಜನ ಸೇರಿದರಂತೆ. ಎರಡನೆಯದು ನಡೆಯಲೇ ಇಲ್ಲ. ಮೂರನೆಯದಕ್ಕೆ ಅಂಗನವಾಡಿಯ ತಾಯಿಯೊಬ್ಬರು ಪೆಟ್ಟಿಗೆಯ ಬೀಗ ಒಡೆಸಿ ಪುಸ್ತಕ ತೆಗೆದರು. ಈಗ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಾರೆ. ನಾವಿದ್ದಾಗ ಸೇರುತ್ತಿದ್ದ ಜಾತ್ರೆ ಈಗಿಲ್ಲ. ಆದರೆ ಬೀಗವೂ ಇಲ್ಲ.

ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡಗಳನ್ನು ನೋಡಿದ್ದೀರಿ. ಮೇಲಿನ ಹೊಂಡ ತುಂಬಿದ ಬಳಿಕ ನೀರು ಕೆಳಗಿನದಕ್ಕೆ ಹರಿಯುವಂತೆ ಹಿಂದಿನವರು ಕಟ್ಟಿದರು. ಮೇಲಿನದು ತನ್ನಲ್ಲಿಯೇ ಎಲ್ಲವನ್ನೂ ಹಿಡಿದಿಡಬೇಕೆಂದು ಅವರು ಬಯಸಲಿಲ್ಲ. ನಿಮ್ಮೂರಿನ ಗೋಷ್ಠಿ, ನಿಮ್ಮ ಬಳಗ, ನಿಮ್ಮ ಮನೆಯ ಪೂಜೆ ಇವು ನೀವಿಲ್ಲದ ದಿನವೂ ನಡೆಯುವಂತೆ ಇಂದು ಯಾರಿಗೆ ಕಲಿಸುತ್ತಿದ್ದೀರಿ? ಮಠದವರಾದ ನಾವು ಈ ಪ್ರಶ್ನೆಯನ್ನು ಮೊದಲು ನಮಗೇ ಹಾಕಿಕೊಂಡಿದ್ದೇವೆ. ನೀವೂ ಹಾಕಿಕೊಳ್ಳಿರಿ. ಸರ್ವರಿಗೂ ಶುಭವಾಗಲಿ.